ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿರುವಾಗಲೇ ಗರ್ಭ ನಿಂತರೆ: ಅನುಭವಗಳು, ಸಲಹೆಗಳು

ಪ್ರಶ್ನೆ, ಅಥಣಿ ತಾಲ್ಲೂಕಿನಿಂದ

ನಮಸ್ಕಾರ. ನನಗೆ ಎರಡು ವರ್ಷದ ಮಗನಿದ್ದಾನೆ. ಆಶಾ ಕಾರ್ಯಕರ್ತೆಯವರು ಕೊಟ್ಟ ಮಾಲಾ-ಎನ್ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದೆ. ನಡುವೆ ವಾಂತಿಭೇದಿಯಾಗಿ ಕೆಲವು ದಿನ ತಪ್ಪಿತು, ಆಮೇಲೆ ಮತ್ತೆ ಮುಂದುವರಿಸಿದೆ. ಈಗ ಎರಡು ತಿಂಗಳಿಂದ ಮುಟ್ಟಾಗಿಲ್ಲ, ಮನೆಯಲ್ಲಿ ಮೂತ್ರ ಪರೀಕ್ಷೆ ಮಾಡಿದಾಗ ಎರಡು ಗೆರೆ ಬಂದಿವೆ. ನನಗೂ ನನ್ನ ಯಜಮಾನರಿಗೂ ಈ ಮಗು ಬೇಕು. ಆದರೆ ಮಾತ್ರೆಯ ಪರಿಣಾಮದಿಂದ ಮಗುವಿಗೆ ಊನವಾಗುತ್ತದೆ, ತೆಗೆಸಿಬಿಡುವುದೇ ಒಳ್ಳೆಯದು ಎಂದು ಅತ್ತೆಯವರು ಹೇಳುತ್ತಿದ್ದಾರೆ. ಇಂಥ ಅನುಭವವಾದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ, ಮುಧೋಳದಿಂದ, ನಿವೃತ್ತ ಆರೋಗ್ಯ ಸಹಾಯಕಿ

ತಂಗಿ, ಮಾತ್ರೆಯನ್ನು ಇಂದೇ ನಿಲ್ಲಿಸಿ, ಆದರೆ ಖಾಲಿ ಸ್ಟ್ರಿಪ್ಪನ್ನು ಎಸೆಯಬೇಡಿ. ಯಾವ ಮಾತ್ರೆ, ಯಾವ ದಿನದವರೆಗೆ ತೆಗೆದುಕೊಂಡಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಸ್ಟ್ರಿಪ್ಪಿನೊಂದಿಗೆ ವೈದ್ಯರಿಗೆ ತೋರಿಸಿ.

ಮಾಲಾ-ಎನ್ ಸ್ಟ್ರಿಪ್ಪಿನ 28 ಮಾತ್ರೆಗಳಲ್ಲಿ ಹಾರ್ಮೋನ್ ಇರುವುದು 21ರಲ್ಲಿ ಮಾತ್ರ, ಉಳಿದ 7 ಕಬ್ಬಿಣಾಂಶದ ಮಾತ್ರೆಗಳು. ಹಾರ್ಮೋನ್ ಇರುವ ಒಂದೊಂದು ಮಾತ್ರೆಯಲ್ಲಿ 0.15 ಮಿಲಿಗ್ರಾಂ ಲಿವೊನಾರ್ಜೆಸ್ಟ್ರೆಲ್ ಮತ್ತು 0.03 ಮಿಲಿಗ್ರಾಂ ಎಥಿನೈಲ್ ಎಸ್ಟ್ರಾಡಿಯಾಲ್ ಇರುತ್ತವೆ. ಇವು ಅಂಡಾಣು ಬಿಡುಗಡೆಯಾಗದಂತೆ ತಡೆಯುತ್ತವೆ, ಗರ್ಭಕಂಠದ ಲೋಳೆಯನ್ನು ಗಟ್ಟಿಗೊಳಿಸುತ್ತವೆ. ಒಮ್ಮೆ ನಿಂತ ಗರ್ಭವನ್ನು ಕೆಡಿಸುವ ಶಕ್ತಿ ಇವಕ್ಕಿಲ್ಲ. ವಾಂತಿಭೇದಿಯಾದಾಗ ಔಷಧ ಸರಿಯಾಗಿ ಮೈಗೆ ಹತ್ತುವುದಿಲ್ಲ, ಅದರ ಜೊತೆಗೆ ಕೆಲವು ದಿನ ಮಾತ್ರೆಯೂ ತಪ್ಪಿದ್ದರಿಂದ ಗರ್ಭ ನಿಂತಿರುವುದರಲ್ಲಿ ಆಶ್ಚರ್ಯವಿಲ್ಲ.

ಅತ್ತೆಯವರ ಭಯವನ್ನು ಅಜ್ಞಾನವೆಂದು ತಳ್ಳಿಹಾಕಬೇಡಿ, ಅದಕ್ಕೊಂದು ಹಿನ್ನೆಲೆಯಿದೆ. ಡೈಎಥೈಲ್‌ಸ್ಟಿಲ್ಬೆಸ್ಟ್ರಾಲ್ ಎಂಬ ಕೃತಕ ಹಾರ್ಮೋನನ್ನು ಅಮೆರಿಕದಲ್ಲಿ 1940ರ ದಶಕದಿಂದ ಗರ್ಭಿಣಿಯರಿಗೆ ಕೊಡುತ್ತಿದ್ದರು. ಅದನ್ನು ತೆಗೆದುಕೊಂಡ ತಾಯಂದಿರ ಹೆಣ್ಣುಮಕ್ಕಳಲ್ಲಿ ಯೋನಿಯ ಅಪರೂಪದ ಕ್ಯಾನ್ಸರ್ ಕಂಡುಬಂದ ಮೇಲೆ, 1971ರಲ್ಲಿ, ಗರ್ಭಿಣಿಯರಿಗೆ ಕೊಡಬಾರದೆಂಬ ಎಚ್ಚರಿಕೆ ಹೊರಬಿತ್ತು. ನಮ್ಮ ದೇಶದಲ್ಲಿಯೂ ಗರ್ಭ ನಿಂತಿದೆಯೇ ಎಂದು ನೋಡಲು, ಅಥವಾ ನಿಂತ ಮುಟ್ಟನ್ನು ತರಿಸಲು, ಎರಡು ಹಾರ್ಮೋನುಗಳು ಹೆಚ್ಚಿನ ಪ್ರಮಾಣದಲ್ಲಿದ್ದ ಮಾತ್ರೆಗಳನ್ನು ಕೊಡುವ ರೂಢಿಯಿತ್ತು. ಸರ್ಕಾರ ಅವುಗಳನ್ನು 1988ರಲ್ಲಿ ನಿಷೇಧಿಸಿತು. ಹಿರಿಯರ ಮನಸ್ಸಿನಲ್ಲಿ ಉಳಿದಿರುವ ಅಂಜಿಕೆ ಬಹುಮಟ್ಟಿಗೆ ಆ ಕಾಲದ್ದು. ನೀವು ತೆಗೆದುಕೊಂಡ ಮಾತ್ರೆ ಅದಲ್ಲ.

ಇಂದಿನ ಮಾತ್ರೆಗಳ ಬಗ್ಗೆ ಡೆನ್ಮಾರ್ಕಿನಲ್ಲಿ ದೊಡ್ಡ ಅಧ್ಯಯನವೊಂದು ನಡೆದಿದೆ. 1997ರಿಂದ 2011ರವರೆಗೆ ಹುಟ್ಟಿದ ಸುಮಾರು 8.8 ಲಕ್ಷ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದ ಅದರ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಮಾತ್ರೆಯನ್ನೇ ತೆಗೆದುಕೊಳ್ಳದ ತಾಯಂದಿರಲ್ಲಿಯೂ, ಗರ್ಭ ನಿಲ್ಲುವ ಮೊದಲೇ ಬಿಟ್ಟವರಲ್ಲಿಯೂ, ಗರ್ಭ ನಿಂತ ಮೇಲೂ ತಿಳಿಯದೆ ಮುಂದುವರಿಸಿದವರಲ್ಲಿಯೂ ಗಂಭೀರ ಜನ್ಮದೋಷಗಳ ಪ್ರಮಾಣ ಸಾವಿರಕ್ಕೆ ಸುಮಾರು 25 ಎಂಬಷ್ಟೇ ಇತ್ತು. ಅಂದರೆ ಯಾವ ಬಸಿರಿನಲ್ಲಿಯೂ ಇರುವ ಅಪಾಯ ನಿಮಗೂ ಇದೆ, ಮಾತ್ರೆಯಿಂದ ಅದು ಹೆಚ್ಚಿದ್ದು ಕಂಡುಬಂದಿಲ್ಲ. ತಿಳಿಯದೆ ಮಾತ್ರೆ ತೆಗೆದುಕೊಂಡಿದ್ದು ಗರ್ಭ ತೆಗೆಸಲು ವೈದ್ಯಕೀಯ ಕಾರಣವಲ್ಲ.

ಉತ್ತರ, ಜಮಖಂಡಿಯಿಂದ

ನನ್ನದೇ ಅನುಭವ ಹೇಳುತ್ತೇನೆ. ನಾನು ಕ್ಷಯರೋಗದ ಚಿಕಿತ್ಸೆಯಲ್ಲಿದ್ದಾಗ ಒಂದು ದಿನವೂ ತಪ್ಪದೆ ಗರ್ಭನಿರೋಧಕ ಮಾತ್ರೆ ತೆಗೆದುಕೊಂಡಿದ್ದರೂ ಗರ್ಭ ನಿಂತಿತು. ಕ್ಷಯದ ಔಷಧಗಳಲ್ಲಿ ಒಂದಾದ ರಿಫಾಂಪಿಸಿನ್ ಗರ್ಭನಿರೋಧಕ ಮಾತ್ರೆಯ ಬಲವನ್ನು ಕುಗ್ಗಿಸುತ್ತದೆ ಎಂದು ನನಗೆ ತಿಳಿದದ್ದು ಆಗಲೇ. ವೈದ್ಯರು ಗರ್ಭನಿರೋಧಕವನ್ನು ನಿಲ್ಲಿಸಿ, ಕ್ಷಯದ ಚಿಕಿತ್ಸೆಯನ್ನು ಮಾತ್ರ ಬಿಡಬಾರದೆಂದು ಕಟ್ಟುನಿಟ್ಟಾಗಿ ಹೇಳಿದರು. ಮಗಳು ಆರೋಗ್ಯವಾಗಿ ಹುಟ್ಟಿದಳು, ಈಗ ಶಾಲೆಗೆ ಹೋಗುತ್ತಿದ್ದಾಳೆ. ಮೂರ್ಛೆರೋಗದ ಕೆಲವು ಮಾತ್ರೆಗಳೂ ಹೀಗೆಯೇ ಗರ್ಭನಿರೋಧಕದ ಬಲ ಕುಗ್ಗಿಸುತ್ತವೆ. ಅವುಗಳಲ್ಲಿ ಕೆಲವು ಶಿಶುವಿಗೂ ಹಾನಿ ಮಾಡಬಲ್ಲವು. ಆದ್ದರಿಂದ ನೀವು ಬೇರೆ ಯಾವುದೇ ಔಷಧ ತೆಗೆದುಕೊಳ್ಳುತ್ತಿದ್ದರೆ ತಾವಾಗಿಯೇ ಬಿಡದೆ, ಮುಚ್ಚಿಡದೆ, ವೈದ್ಯರಿಗೆ ಹೇಳಿ.

ಉತ್ತರ, ಇಂಡಿಯಿಂದ

ನಮ್ಮ ತಂಗಿಗೆ ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಎಂಬ ಗರ್ಭನಿರೋಧಕ ಚುಚ್ಚುಮದ್ದು ನಡೆದಿತ್ತು. ಆ ಚುಚ್ಚುಮದ್ದಿನಿಂದ ಮುಟ್ಟು ನಿಲ್ಲುವುದು ಸಹಜವಾದ್ದರಿಂದ, ಒಂದು ಸಲ ತಡವಾಗಿ ಹಾಕಿಸಿಕೊಂಡ ಮೇಲೆ ಗರ್ಭ ನಿಂತಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಹೊಟ್ಟೆ ಕಾಣತೊಡಗಿದಾಗ ಸ್ಕ್ಯಾನಿಂಗ್ ಮಾಡಿಸಿದೆವು. ಮಗುವಿಗೆ ಏನೂ ಆಗಿರಲಿಲ್ಲ. ಆದರೆ ಮೊದಲ ತಿಂಗಳುಗಳಲ್ಲಿ ತೆಗೆದುಕೊಳ್ಳಬೇಕಾದ ಫೋಲಿಕ್ ಆಮ್ಲದ ಮಾತ್ರೆಯೂ ಆರಂಭದ ತಪಾಸಣೆಗಳೂ ತಪ್ಪಿಹೋದವು. ಅಂತರಾ ಹಾಕಿಸಿಕೊಳ್ಳುವುದು ತಡವಾಗಿದ್ದರೆ ಆಶಾ ಕಾರ್ಯಕರ್ತೆಯರ ಬಳಿ ಉಚಿತವಾಗಿ ಸಿಗುವ ನಿಶ್ಚಯ ಕಿಟ್‌ನಿಂದ ಪರೀಕ್ಷೆ ಮಾಡಿಕೊಳ್ಳುವುದು ಒಳ್ಳೆಯದು.

ಉತ್ತರ, ಬೆಳಗಾವಿಯಿಂದ, ಔಷಧ ಅಂಗಡಿಯವರು

ಇಲ್ಲಿ ಕೇಳಿದ ಮಾತ್ರೆಗಿಂತ ನನಗೆ ಹೆಚ್ಚು ಚಿಂತೆಯಾಗುವುದು ಜನರು ಅದರೊಂದಿಗೆ ಕಲಸಿಬಿಡುವ ಇನ್ನೆರಡು ಮಾತ್ರೆಗಳ ಬಗ್ಗೆ.

ಮೊದಲನೆಯದು ಮುಟ್ಟು ಮುಂದೂಡುವ ಮಾತ್ರೆ. ಸವದತ್ತಿ ಯಲ್ಲಮ್ಮನ ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಹತ್ತಿರ ಬಂದಾಗ ಮತ್ತು ಮದುವೆಯ ದಿನಗಳಲ್ಲಿ ಇದನ್ನು ಕೇಳಿಕೊಂಡು ಬರುವವರು ಬಹಳ. ಇದರಲ್ಲಿರುವುದು ನಾರ್ಎಥಿಸ್ಟೆರಾನ್, 5 ಮಿಲಿಗ್ರಾಂ, ಸಾಮಾನ್ಯವಾಗಿ ದಿನಕ್ಕೆ ಮೂರು ಸಲ. ಇದೇ ಹಾರ್ಮೋನನ್ನು ಗರ್ಭನಿರೋಧಕವಾಗಿ ಕೊಡುವಾಗ ದಿನದ ಪ್ರಮಾಣ ಕೇವಲ 0.35 ಮಿಲಿಗ್ರಾಂ, ಹಾಗಾಗಿ ಇದು ನಲವತ್ತು ಪಟ್ಟಿಗೂ ಹೆಚ್ಚು. ಹಿಂದೆ ಗರ್ಭ ಉಳಿಸಲೆಂದು ಇಂಥ ಔಷಧವನ್ನು ವಾರಗಟ್ಟಲೆ ದೊಡ್ಡ ಪ್ರಮಾಣದಲ್ಲಿ ಪಡೆದ ಕೆಲವು ತಾಯಂದಿರ ಹೆಣ್ಣು ಶಿಶುಗಳ ಬಾಹ್ಯ ಜನನಾಂಗದಲ್ಲಿ ಬದಲಾವಣೆ ಕಂಡದ್ದುಂಟು. ತಿಳಿಯದೆ ಕೆಲವು ದಿನ ತೆಗೆದುಕೊಂಡವರು ಗಾಬರಿಯಾಗಬೇಕಿಲ್ಲ, ಅದೊಂದೇ ಕಾರಣಕ್ಕೆ ಗರ್ಭ ತೆಗೆಸುವಂತೆ ವೈದ್ಯರು ಹೇಳುವುದಿಲ್ಲ. ಆದರೆ ಗರ್ಭ ನಿಂತಿರಬಹುದೆಂಬ ಸಣ್ಣ ಅನುಮಾನವಿದ್ದರೂ ಪರೀಕ್ಷೆ ಮಾಡಿಕೊಳ್ಳದೆ ಇದನ್ನು ಮುಟ್ಟಬೇಡಿ.

ಎರಡನೆಯದು ಗರ್ಭಪಾತದ ಕಿಟ್. ಮಾಲಾ-ಎನ್ ತೆಗೆದುಕೊಂಡಾಗಿದೆ, ಮಗುವಿಗೆ ಊನವಾಗಬಹುದು ಎಂಬ ಭಯದಿಂದ ವೈದ್ಯರನ್ನು ಕಾಣದೆ ಇದನ್ನು ನುಂಗುವವರಿದ್ದಾರೆ. ಇದರಲ್ಲಿರುವ ಮಿಸೊಪ್ರೊಸ್ಟಾಲ್ ಕೆಲಸ ಮಾಡದೆ ಗರ್ಭ ಮುಂದುವರಿದರೆ ಶಿಶುವಿನ ಕೈಕಾಲು ಮತ್ತು ಮುಖದ ನರಗಳಲ್ಲಿ ದೋಷ ಉಂಟಾಗುವ ಸಾಧ್ಯತೆ ನಿಜವಾಗಿಯೂ ಇದೆ. ಇಲ್ಲದ ಅಪಾಯಕ್ಕೆ ಹೆದರಿ ಇರುವ ಅಪಾಯವನ್ನು ಮನೆಗೆ ತಂದುಕೊಂಡಂತಾಗುತ್ತದೆ. ಮಗು ಬೇಡವೆಂಬ ನಿರ್ಧಾರ ಹೆಂಗಸಿನದೇ ಆಗಿದ್ದರೆ ಅದಕ್ಕೆ ಕಾನೂನಿನಲ್ಲಿ ದಾರಿಯಿದೆ. 2021ರ ತಿದ್ದುಪಡಿಯ ನಂತರ, ಗರ್ಭನಿರೋಧಕ ವಿಫಲವಾದ ಸಂದರ್ಭದಲ್ಲಿ ಮದುವೆಯಾಗದವರೂ 20 ವಾರಗಳೊಳಗೆ ನೋಂದಾಯಿತ ವೈದ್ಯರ ಬಳಿ ಹೋಗಬಹುದು.

ಉತ್ತರ, ಗೋಕಾಕದಿಂದ

ಗರ್ಭ ಎಲ್ಲಿ ನಿಂತಿದೆ ಎಂಬುದನ್ನು ಖಂಡಿತ ನೋಡಿಸಿ. ನನ್ನ ಅಕ್ಕನಿಗೆ ಗರ್ಭಾಶಯದೊಳಗೆ ಹಾರ್ಮೋನ್ ಇರುವ ವಂಕಿ ಹಾಕಿದ್ದರು. ಅದಿದ್ದೂ ಗರ್ಭ ನಿಲ್ಲುವುದು ಬಹಳ ವಿರಳ, ಆದರೆ ನಿಂತರೆ ಗರ್ಭಾಶಯದ ಹೊರಗೆ, ಅಂಡನಾಳದಲ್ಲಿ ನಿಲ್ಲುವ ಸಂಭವ ಹೆಚ್ಚು. ಅಕ್ಕನಿಗೆ ಹಾಗೆಯೇ ಆಗಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಕಿಬ್ಬೊಟ್ಟೆಯ ಒಂದು ಬದಿಗೆ ತೀವ್ರ ನೋವು, ಭುಜದ ತುದಿಯಲ್ಲಿ ನೋವು, ರಕ್ತಸ್ರಾವ, ತಲೆಸುತ್ತಿ ಬೀಳುವುದು, ಇವುಗಳಲ್ಲಿ ಯಾವುದೊಂದು ಕಂಡರೂ ರಾತ್ರಿಯಾಗಲಿ ಹಗಲಾಗಲಿ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಮಾತ್ರೆ ನಿಲ್ಲಿಸಿದ್ದೇನೆ, ನೋವಾಗಲಿ ರಕ್ತಸ್ರಾವವಾಗಲಿ ಇಲ್ಲ. ಸ್ಕ್ಯಾನಿಂಗ್ ಯಾವಾಗ ಮಾಡಿಸಬೇಕು? ಅತ್ತೆಯವರಿಗೆ ಹೇಗೆ ಹೇಳಲಿ?

ಉತ್ತರ, ಮುಧೋಳದಿಂದ

ಮೊದಲ ಸ್ಕ್ಯಾನಿಂಗ್ ಈ ವಾರವೇ ಆಗಲಿ. ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ ಮುಟ್ಟಿನ ಲೆಕ್ಕದಿಂದ ದಿನಗಳನ್ನು ಸರಿಯಾಗಿ ಹೇಳಲು ಬರುವುದಿಲ್ಲ. ಗರ್ಭ ಎಷ್ಟು ವಾರದ್ದು, ಎಲ್ಲಿ ನಿಂತಿದೆ ಎಂಬೆರಡೂ ಅದರಲ್ಲಿ ತಿಳಿಯುತ್ತವೆ. ಶಿಶುವಿನ ಅಂಗಾಂಗಗಳನ್ನು ವಿವರವಾಗಿ ನೋಡುವ ಸ್ಕ್ಯಾನಿಂಗ್ 18ರಿಂದ 20 ವಾರಗಳ ನಡುವೆ ಇರುತ್ತದೆ, ಅದನ್ನು ತಪ್ಪಿಸಬೇಡಿ. ಆಶಾ ಕಾರ್ಯಕರ್ತೆಯವರಿಗೆ ತಿಳಿಸಿ ತಾಯಿ ಕಾರ್ಡ್ ಮಾಡಿಸಿಕೊಂಡು, ಫೋಲಿಕ್ ಆಮ್ಲವನ್ನು ಕೂಡಲೇ ಆರಂಭಿಸಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ನಡೆಯುತ್ತದೆ.

ಅತ್ತೆಯವರೊಂದಿಗೆ ವಾದಕ್ಕಿಳಿಯಬೇಡಿ, ಸ್ಕ್ಯಾನಿಂಗಿಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಅವರ ಪ್ರಶ್ನೆಯನ್ನು ಅವರೇ ವೈದ್ಯರಿಗೆ ಕೇಳಲಿ. ನಾನು ಕೆಲಸದಲ್ಲಿದ್ದಾಗ ಇಂಥ ಮನೆಗಳಲ್ಲಿ ಹೀಗೆಯೇ ಮಾಡುತ್ತಿದ್ದೆ. ಸೊಸೆ ಹೇಳಿದರೆ ನಂಬದ ಅತ್ತೆಯಂದಿರು ವೈದ್ಯರ ಬಾಯಿಂದ ಕೇಳಿದ ಮೇಲೆ, ಮುಂದಿನ ತಪಾಸಣೆಗೆ ತಾವೇ ಸೊಸೆಯನ್ನು ಕರೆತರುತ್ತಿದ್ದರು.