ಅಜ್ಜಿ ‘ಹುಳ’ ಅಂದಾಗ ಮಗುವಿಗೆ ಅರ್ಥವಾಗಬೇಕು

ಎಲ್ಲರಿಗೂ ನಮಸ್ಕಾರ. ಹೊರದೇಶದಲ್ಲಿರುವ ನಾವು ರಜೆಗೆ ಊರಿಗೆ ಹೋಗುವ ಮೊದಲು ಮಕ್ಕಳಿಗೆ ಯಾವ ಕನ್ನಡ ಕಲಿಸೋಣ ಅಂತ ಇಲ್ಲಿ ಮಾತು ನಡೆಯುತ್ತಿದೆ. ಬಣ್ಣ, ಹಣ್ಣು, ವಾರದ ಹೆಸರು ಎಲ್ಲಾ ಸರಿ. ಆದರೆ ನಮ್ಮ ಮಂಡ್ಯ ಕಡೆ ಹಿರಿಯರು ದೊಡ್ಡ ವಿಷಯವನ್ನು ಸಣ್ಣ ಮಾತಿನಲ್ಲಿ ಮುಚ್ಚಿ ಹೇಳುತ್ತಾರೆ. ಮೊದಲು ಅದನ್ನು ಕಲಿಸಿ ಅಂತ ನನ್ನ ಕೋರಿಕೆ.

‘ಹುಳ’ ತಗೊಳ್ಳಿ. ಕತ್ತಲಾದ ಮೇಲೆ ಹಾವಿನ ಹೆಸರು ಎತ್ತಬಾರದು ಅನ್ನುವ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ಹಾಗಾಗಿ ಹಾವನ್ನು ಹುಳ ಅನ್ನುತ್ತಾರೆ. ಕಚ್ಚಿದರೆ ‘ಹುಳ ಮುಟ್ತು’. “ಗದ್ದೆ ತಾವ ಹೋಗ್ಬ್ಯಾಡ ಕಣ್ಮಗ, ಹುಳ ಅವೆ” ಅಂತ ಅಜ್ಜಿ ಕೂಗಿದರೆ, ಹೊರದೇಶದಲ್ಲಿ ಬೆಳೆದ ಮಗು ಜೀರುಂಡೆ ಇರಬೇಕು ಅಂತ ನೋಡಲು ಓಡುತ್ತದೆ. ಭತ್ತ, ಕಬ್ಬು ಇರುವ ಕಡೆ ಇಲಿ ಜಾಸ್ತಿ, ಇಲಿ ಹುಡುಕಿಕೊಂಡು ನಾಗರಹಾವು, ಕೊಳಕುಮಂಡಲ ಬರುತ್ತವೆ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕು ಅಂತ ಕರ್ನಾಟಕ ಸರ್ಕಾರ 2024ರಲ್ಲಿ ಆದೇಶಿಸಿದೆ. ಅಷ್ಟು ಗಂಭೀರ ವಿಷಯ ಇದು. ‘ಹುಳ ಮುಟ್ತು’ ಅಂತ ಯಾರಾದರೂ ಅಂದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು, ಮಂತ್ರ ಹಾಕಿಸುತ್ತಾ ಕೂರಬಾರದು. ಇದು ಮಕ್ಕಳಿಗೂ ಗೊತ್ತಿರಲಿ.

‘ಪಕ್ಕದ ಮನೆ ಮಗೀಗೆ ಅಮ್ಮ ಆಗಿದೆ’ ಅನ್ನುವುದೂ ಹಾಗೇ. ಮೊದಲು ಸಿಡುಬಿಗೆ ಹಾಗೆ ಅನ್ನುತ್ತಿದ್ದರು, ಅದು 1980ಕ್ಕೇ ಜಗತ್ತಿನಿಂದ ಹೋಯಿತು ಅಂತ ಘೋಷಣೆಯಾಗಿದೆ. ಈಗ ‘ಅಮ್ಮ’ ಅಂದರೆ ಹೆಚ್ಚಾಗಿ ಚಿಕನ್ ಪಾಕ್ಸ್. ಗುಳ್ಳೆ ಕಾಣುವ ಒಂದೆರಡು ದಿನ ಮೊದಲೇ ಅದು ಹರಡುತ್ತದೆ. ಹೊರಡುವ ಮೊದಲು ಮಕ್ಕಳ ಲಸಿಕೆ ಚೀಟಿ ನೋಡಿಕೊಳ್ಳಿ. ‘ಚಿಕ್ಕಪ್ಪ ಎಣ್ಣೆ ಹಾಕವ್ನೆ’ ಅಂದರೆ ಕುಡಿದಿದ್ದಾನೆ ಅಂತ, ಅವನ ಬೈಕ್ ಹತ್ತಬಾರದು. ಹದಿಹರೆಯದ ಮಕ್ಕಳಿಗೆ ಇದನ್ನು ಹೇಳಲೇಬೇಕು.

ಹೆಣ್ಣುಮಕ್ಕಳಿದ್ದರೆ “ದೊಡ್ಡೋಳಾದ್ಲಾ?” ಅನ್ನುವ ಪ್ರಶ್ನೆ ನೆಂಟರ ಮುಂದೆಯೇ ಬರುತ್ತದೆ. ಮಗಳಿಗೆ ಅರ್ಥ ಮೊದಲೇ ಹೇಳಿ. ಉತ್ತರ ಕೊಡಬೇಕೋ ಬೇಡವೋ ಅವಳಿಗೇ ಬಿಡಿ. ಮನೆಯಲ್ಲಂತೂ ‘ಮುಟ್ಟು’ ಅಂತ ನೇರವಾಗಿಯೇ ಮಾತಾಡಿ. ಮುಚ್ಚಿಡುವಂಥದ್ದು ಅದರಲ್ಲಿ ಏನೂ ಇಲ್ಲ.

ನನಗೆ ಎಲ್ಲಕ್ಕಿಂತ ಕಷ್ಟ ಆಗುವುದು ಫೋನಿನಲ್ಲಿ. ‘ಒಂಚೂರು ಸುಸ್ತು, ಅದೇ ಮಾಮೂಲಿ’ ಅಂತ ಅಪ್ಪ ಅಮ್ಮ ಹೇಳುತ್ತಾರೆ. ದೂರದಲ್ಲಿರುವ ಮಗನಿಗೆ ಯೋಚನೆ ಹತ್ತಬಾರದು ಅನ್ನುವ ಪ್ರೀತಿ ಅದು, ಅಲ್ವಾ? ಆದರೆ ಆ ‘ಒಂಚೂರು’ ಎಷ್ಟು ಅಂತ ನಾವು ಕೇಳಲೇಬೇಕು. ಹೇಗಿದ್ದೀರಾ ಅಂದರೆ ಚೆನ್ನಾಗಿದ್ದೀವಿ ಅಂತಲೇ ಬರುತ್ತದೆ. ಬೆಳಗ್ಗೆ ಏನು ತಿಂದ್ರಿ, ಮೆಟ್ಟಿಲು ಹತ್ತಿದಾಗ ಉಸಿರು ಕಟ್ಟಿತಾ, ಬಿಪಿ ಎಷ್ಟು ಬಂತು ಅಂತ ಕೇಳಿ. ‘ಸ್ವಲ್ಪ ಸೀರಿಯಸ್ಸು, ಹೊರಟು ಬಾ’ ಅಂತ ಬಂದರೆ ಎಷ್ಟೋ ಸಲ ಜೀವ ಹೋಗಿರುತ್ತದೆ. ಒಬ್ಬನೇ ವಿಮಾನದಲ್ಲಿ ಅಳುತ್ತಾ ಬರಬಾರದು ಅಂತ ನೆಂಟರು ಹಾಗೆ ಹೇಳುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಚಿಕ್ಕ ಮಕ್ಕಳಿಗೆ ಮಾತ್ರ ‘ತಾತ ಹೋಗಿಬಿಟ್ಟರು’ ಅಂದರೆ ಸಾಲದು. ಯಾವಾಗ ವಾಪಸ್ ಬರುತ್ತಾರೆ ಅಂತ ಕಾಯುತ್ತವೆ. ‘ತಾತ ಸತ್ತುಹೋದರು, ಇನ್ನು ಬರುವುದಿಲ್ಲ’ ಅಂತ ತಬ್ಬಿಕೊಂಡು ಹೇಳಿ.

ಮೈಸೂರು, ಚಾಮರಾಜನಗರ, ಹಾಸನ ಕಡೆಯವರು ನಿಮ್ಮ ಮನೆಯಲ್ಲಿ ಬಳಸುವ ಇಂಥ ಮಾತುಗಳನ್ನು ಕೆಳಗೆ ಬರೆಯಿರಿ. ಕಾಯಿಲೆ, ಅಪಾಯದ ಮಾತುಗಳಿದ್ದರೆ ಮೊದಲು ಅವನ್ನೇ ಬರೆಯಿರಿ.