ಕ್ಯಾಂಪರ್ ವ್ಯಾನಿನ ತಿರುಗಾಟ ನಿಲ್ಲಿಸುವ ಕಾಲ ಬಂತೇ?

ಪ್ರಶ್ನೆ (ಉಡುಪಿ): ನಿವೃತ್ತಿಯಾದಂದಿನಿಂದ ನಾನೂ ಹೆಂಡತಿಯೂ ಪ್ರತಿವರ್ಷ ದೀಪಾವಳಿ ಮುಗಿಯುತ್ತಲೇ ಒಳಗೇ ಅಡುಗೆ ಮಾಡಿ ಮಲಗಬಹುದಾದ ನಮ್ಮ ಕ್ಯಾಂಪರ್ ವ್ಯಾನಿನಲ್ಲಿ ಹೊರಟು, ಮಳೆಗಾಲ ಹಿಡಿಯುವ ಮೊದಲು ಮನೆ ಸೇರುತ್ತಿದ್ದೆವು. ಈಗ ನನಗೆ 73. ಕಳೆದ ಸಲ ಆಗುಂಬೆ ಘಾಟಿಯ ತಿರುವುಗಳಲ್ಲಿ ಸ್ಟೇರಿಂಗ್ ಹಿಡಿದ ಕೈ ನಡುಗಿತು, ಅವಳಿಗೋ ಮಂಡಿನೋವಿನಿಂದ ವ್ಯಾನಿನ ಮೆಟ್ಟಿಲು ಹತ್ತುವುದೇ ಕಷ್ಟವಾಗಿದೆ. ಮಾರಿಬಿಡಬೇಕೇ?

ಉತ್ತರ 1 (ಮಂಗಳೂರು): 55 ದಾಟಿದವರು ಚಾಲನಾ ಪರವಾನಗಿಯನ್ನು 5 ವರ್ಷಕ್ಕೊಮ್ಮೆ ವೈದ್ಯಕೀಯ ಪ್ರಮಾಣಪತ್ರ ಕೊಟ್ಟು ನವೀಕರಿಸಬೇಕು ನಿಜ, ಆದರೆ ಆ ಕಾಗದ ಸಿಕ್ಕಿದ ಮಾತ್ರಕ್ಕೆ ಘಾಟಿಯಲ್ಲಿ ಧೈರ್ಯ ಬರುವುದಿಲ್ಲ, ಕೈನಡುಕವನ್ನು ಮೊದಲು ವೈದ್ಯರಿಗೆ ತೋರಿಸಿ. ಮಾರುವುದಾದರೆ ತಡಮಾಡಬೇಡಿ, ನಮ್ಮ ಉಪ್ಪುಗಾಳಿಗೆ ನಿಂತ ಗಾಡಿಯ ತಳ ಬೇಗ ತುಕ್ಕು ಹಿಡಿಯುತ್ತದೆ.

ಉತ್ತರ 2: ನಾವು ಮಾರಿ ಎರಡು ವರ್ಷವಾಯಿತು. ಕೀಲಿಕೈ ಕೊಟ್ಟ ದಿನ ನಮ್ಮ ಯಜಮಾನರು ಊಟ ಮಾಡಲಿಲ್ಲ. ಈಗ ಮತ್ಸ್ಯಗಂಧ ರೈಲಿನಲ್ಲಿ ಕೆಳಗಿನ ಬರ್ತ್ ಕಾದಿರಿಸಿ ಹೋಗಿ, ಒಂದೇ ಊರಿನಲ್ಲಿ ತಿಂಗಳಿಡೀ ಬಾಡಿಗೆಗಿರುತ್ತೇವೆ.