ಪುಟ್ಟಿ, ಗ್ರೇವಿಯನ್ನು ಗುರುವಾರಕ್ಕೆ ಬಿಡಬೇಡ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಟರ್ಕಿ ಕೋಳಿ ಹೇಗೋ ಓವನ್‌ನಲ್ಲಿ ಬೆಂದುಕೊಳ್ಳುತ್ತೆ ಚಿಕ್ಕಮ್ಮ, ಗ್ರೇವಿದೇ ಚಿಂತೆ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಹನ್ನೆರಡು ಜನ ಬರುತ್ತಾರೆ, ಅಂಗಡಿಯ ಪ್ಯಾಕೆಟ್ ಪುಡಿ ತಂದು ಬಿಸಿನೀರಲ್ಲಿ ಕಲಸಿದರೆ ನಡೆಯುತ್ತಾ ಅಂತ ಕೇಳಿದ್ದೀಯ. ಅದರ ಕೆಳಗೆ ನಿಮ್ಮಪ್ಪ ಎರಡು ಚಮಚ ಗರಂ ಮಸಾಲೆ ಹಾಕು ಅಂತ ಬರೆದಿದ್ದಾರೆ. ನಮ್ಮಮ್ಮ, ಅಂದರೆ ನಿನ್ನಜ್ಜಿ ಬೇರೆ, ಗುರುವಾರ ರಾಯರ ವಾರ, ಅವತ್ತೇ ಕೋಳಿನಾ ಅಂತ ಕೇಳಿದ್ದಾಳೆ. ಇದಕ್ಕೆಲ್ಲ ಟೈಪ್ ಮಾಡುತ್ತಾ ಕೂತರೆ ಬೆಳಗಾಗುತ್ತೆ. ಎಲ್ಲರಿಗೂ ಸೇರಿಸಿ ವಾಯ್ಸ್ ಮೆಸೇಜ್‌ನಲ್ಲೇ ಒಂದೇ ಸಲ ಹೇಳಿಬಿಡುತ್ತೇನೆ. ಉದ್ದ ಆಗುತ್ತೆ, ಕೆಲಸ ಮಾಡಿಕೊಂಡು ಕೇಳಿ.

ಮೊದಲು ಅಮ್ಮನಿಗೆ. ಅಮ್ಮ, ವಾರ ನಮ್ಮ ಕೈಲಿಲ್ಲ. ಥ್ಯಾಂಕ್ಸ್‌ಗಿವಿಂಗ್ ಅಂದರೆ ಇಲ್ಲಿ ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೇ ಗುರುವಾರವೇ. 1863ರಲ್ಲಿ ಲಿಂಕನ್ ಪ್ರೆಸಿಡೆಂಟ್ ಆಗಿದ್ದಾಗ ಇಡೀ ದೇಶಕ್ಕೆ ಒಂದು ದಿನ ಅಂತ ಸಾರಿದರು. 1941ರಲ್ಲಿ ಕಾಯ್ದೆ ಮಾಡಿ ನಾಲ್ಕನೇ ಗುರುವಾರ ಅಂತ ಗಟ್ಟಿ ಮಾಡಿದರು. ರಾಯರನ್ನು ಯಾರೂ ಕೇಳಲಿಲ್ಲ. ನೀನು ಅಲ್ಲಿ ಆರಾಮಾಗಿ ಮೊಸರನ್ನ ತಿನ್ನು, ಇಲ್ಲಿಯದನ್ನು ನಾವು ನೋಡಿಕೊಳ್ಳುತ್ತೇವೆ.

ಭಾವ, ನಿಮಗೂ ಹೇಳಬೇಕು. ಈ ಗ್ರೇವಿ ನಮ್ಮ ಸಾರಿನ ಜಾಗಕ್ಕೆ ಬರುವುದಲ್ಲ. ಅನ್ನಕ್ಕೆ ಕಲಸುವುದಿಲ್ಲ. ಟರ್ಕಿಯ ಎದೆಮಾಂಸ ಒಣ, ಸಪ್ಪೆ. ಪಕ್ಕದಲ್ಲಿ ಆಲೂಗಡ್ಡೆ ಬೇಯಿಸಿ ಬೆಣ್ಣೆ ಹಾಕಿ ಮಸೆದದ್ದು, ಹಕ್ಕಿಯ ಹೊಟ್ಟೆಗೆ ತುಂಬುವಂಥ ಬ್ರೆಡ್ಡಿನ ಸ್ಟಫಿಂಗ್. ಯಾವುದಕ್ಕೂ ದ್ರವ ಇಲ್ಲ. ಈ ಮೂರನ್ನೂ ಸೇರಿಸಿ ಗಂಟಲಲ್ಲಿ ಇಳಿಸುವುದು ಗ್ರೇವಿ. ಅದರಲ್ಲಿ ಬರಬೇಕಾದದ್ದು ಹುರಿದ ಹಕ್ಕಿಯ ರುಚಿ ಒಂದೇ. ಗರಂ ಮಸಾಲೆ ಬಿದ್ದರೆ ಆ ರುಚಿ ಹೋಯಿತು, ಮಸಾಲೆಯದು ಮಾತ್ರ ಉಳಿಯುತ್ತದೆ. ಮಸಾಲೆಗೆ ಶುಕ್ರವಾರ ಇದೆ, ಕೊನೆಯಲ್ಲಿ ಹೇಳುತ್ತೇನೆ.

ಈಗ ಪುಟ್ಟಿ, ನಿನಗೆ. ಪ್ಯಾಕೆಟ್ ಬೇಕಾದರೆ ತಂದು ಕಪಾಟಿನಲ್ಲಿ ಇಟ್ಟುಕೋ, ಧೈರ್ಯಕ್ಕೆ. ತೆಗೆಯುವ ಹೊತ್ತು ಬರಲ್ಲ. ಗ್ರೇವಿ ಕಷ್ಟ ಅಂತ ಎಲ್ಲರೂ ಅನ್ನುವುದು ಅದನ್ನು ಮಾಡುವ ಹೊತ್ತಿನಿಂದ. ಸುಮ್ನೆ ಯೋಚನೆ ಮಾಡು. ಹಕ್ಕಿ ಓವನ್‌ನಿಂದ ಹೊರಗೆ ಬಂದಿದೆ. ನಾಲ್ಕು ಬರ್ನರ್ ಮೇಲೂ ಏನೋ ಇದೆ. ಜನ ಅಡುಗೆಮನೆ ಬಾಗಿಲಲ್ಲಿ ನಿಂತು ನಿನ್ನ ಮುಖ ನೋಡುತ್ತಿದ್ದಾರೆ. ಆಗ ಬಿಸಿ ಟ್ರೇ ಎತ್ತಿ ಜಿಡ್ಡು ಬಸಿದು, ಹಿಟ್ಟು ಹುರಿದು, ಗಂಟಾಗದ ಹಾಗೆ ತಿರುವುತ್ತಾ ನಿಲ್ಲಬೇಕು. ಯಾರಿಗೆ ತಾನೇ ಕೈ ನಡುಗಲ್ಲ? ಅದಕ್ಕೇ ಹೇಳುವುದು, ಗ್ರೇವಿಯನ್ನು ಮಂಗಳವಾರವೇ ಮುಗಿಸು. ಗುರುವಾರ ಅದಕ್ಕೆ ಹಕ್ಕಿಯ ರಸ ಸೇರಿಸುವುದಷ್ಟೇ ಉಳಿಯಬೇಕು.

ಹಕ್ಕಿ ಬೇಯುವ ಮುಂಚೆ ಗ್ರೇವಿ ಎಲ್ಲಿಂದ ಬರುತ್ತೆ ಅಂತ ಕೇಳುತ್ತೀಯ. ಬೇರೆ ರೆಕ್ಕೆ ತಾ. ಈ ವಾರಗಳಲ್ಲಿ ಅಂಗಡಿಯಲ್ಲಿ ಟರ್ಕಿ ರೆಕ್ಕೆ ಬಿಡಿಯಾಗಿ ಸಿಗುತ್ತದೆ. ಮೂರು ಪೌಂಡು ಸಾಕು. ರೆಕ್ಕೆಯಲ್ಲಿ ಮಾಂಸ ಕಮ್ಮಿ, ಚರ್ಮ ಮೂಳೆ ಜಾಸ್ತಿ, ನಮಗೆ ಬೇಕಾದದ್ದೂ ಅದೇ. ಹಕ್ಕಿಯ ಹೊಟ್ಟೆಯಲ್ಲಿ ಕುತ್ತಿಗೆ, ಗುಂಡಿಗೆ ಎಲ್ಲ ಕಾಗದದ ಚೀಲದಲ್ಲಿ ಕಟ್ಟಿ ಇಟ್ಟಿರುತ್ತಾರೆ, ಅದರಲ್ಲೂ ಸ್ಟಾಕ್, ಅಂದರೆ ಮೂಳೆ ಮಾಂಸ ಕುದಿಸಿ ಸೋಸಿದ ರಸ, ಮಾಡಬಹುದು. ಆದರೆ ಮಂಜುಗಟ್ಟಿದ ಹಕ್ಕಿ ಫ್ರಿಜ್‌ನಲ್ಲಿ ಕರಗುವುದಕ್ಕೆ ನಾಲ್ಕೈದು ಪೌಂಡಿಗೆ ಒಂದು ದಿನ ಹಿಡಿಯುತ್ತದೆ. 15 ಪೌಂಡಿನದಾದರೆ ಮೂರು ನಾಲ್ಕು ದಿನ. ಬುಧವಾರ ಸಂಜೆವರೆಗೂ ಆ ಚೀಲ ಒಳಗೇ ಅಂಟಿಕೊಂಡಿರುತ್ತದೆ. ಅದನ್ನು ನಂಬಿ ಕೂರಬೇಡ.

ರೆಕ್ಕೆಗಳನ್ನು ಟ್ರೇನಲ್ಲಿ ಹರಡು. ಜೊತೆಗೆ ದಪ್ಪದಪ್ಪ ಹೆಚ್ಚಿದ ಎರಡು ಈರುಳ್ಳಿ, ಎರಡು ಕ್ಯಾರೆಟ್, ಎರಡು ಕಡ್ಡಿ ಸೆಲರಿ. ಸ್ವಲ್ಪ ಎಣ್ಣೆ. ಉಪ್ಪು ಬೇಡ. ಓವನ್ 400 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಟ್ಟು ಒಂದು ಗಂಟೆ ಬಿಡು, ಮಧ್ಯೆ ಒಂದು ಸಲ ಮಗುಚು. ಗಂಟೆ ಆಯಿತು ಅಂತ ತೆಗೆಯಬೇಡ, ಬಣ್ಣ ನೋಡಿ ತೆಗೆ. ಚರ್ಮ ಚೆನ್ನಾಗಿ ಕೆಂಪಗಾಗಿ, ಈರುಳ್ಳಿಯ ಅಂಚು ಕಂದಬೇಕು. ಬೆಳ್ಳಗಿರುವಾಗ ತೆಗೆದರೆ ಗ್ರೇವಿಯೂ ಬೆಳ್ಳಗೆ, ಆಸ್ಪತ್ರೆ ಗಂಜಿ.

ಎಲ್ಲವನ್ನೂ ದೊಡ್ಡ ಪಾತ್ರೆಗೆ ಹಾಕು. ಟ್ರೇ ತೊಳೆಯಬೇಡ! ತಳಕ್ಕೆ ಹತ್ತಿದ ಕಂದು ಇದೆಯಲ್ಲ, ಅದರಲ್ಲೇ ಅರ್ಧ ರುಚಿ. ಒಂದು ಲೋಟ ಬಿಸಿನೀರು ಹುಯ್ದು ಮರದ ಸೌಟಿನಿಂದ ಕೆರೆದು ಅದನ್ನೂ ಪಾತ್ರೆಗೆ ಸುರಿ. ನೀರು ಒಟ್ಟು 10 ಕಪ್. ಕರಿಮೆಣಸು ಹತ್ತು ಕಾಳು, ಥೈಮ್ ಸೊಪ್ಪು ಎರಡು ಕಡ್ಡಿ, ಒಂದು ಬೇ ಲೀಫ್. ನಮ್ಮ ಪಲಾವ್ ಎಲೆ ಡಬ್ಬಿಯಲ್ಲಿದೆ ಅಂತ ಅದನ್ನು ಹಾಕಬೇಡ. ಅದು ಚಕ್ಕೆಯ ಜಾತಿ ಮರದ್ದು, ಚಕ್ಕೆಯ ವಾಸನೆಯೇ ಬರುತ್ತದೆ. ಇಲ್ಲಿಯ ಬೇ ಲೀಫ್ ಮರವೇ ಬೇರೆ. ಇಲ್ಲದಿದ್ದರೆ ಬಿಟ್ಟುಬಿಡು, ನಷ್ಟ ಇಲ್ಲ. ಸಣ್ಣ ಉರಿಯಲ್ಲಿ ಮೂರು ಗಂಟೆ ಬಿಡು. ಕೊತಕೊತ ಕುದಿಯಬಾರದು, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿದ್ದರೆ ಸಾಕು. ಜೋರಾಗಿ ಕುದಿಸಿದರೆ ಜಿಡ್ಡೆಲ್ಲ ನೀರಲ್ಲಿ ಬೆರೆತು ಕದಡಿದ ಹಾಗಾಗುತ್ತದೆ.

ಇರು, ಇಲ್ಲಿ ಕುಕ್ಕರ್ ಕೂಗುತ್ತಿದೆ, ಆಫ್ ಮಾಡಿ ಬರುತ್ತೇನೆ.

ಹಾಂ, ಎಲ್ಲಿದ್ದೆ? ಸೋಸಿಕೋ. ಏಳು ಕಪ್ ಹತ್ತಿರ ಬರುತ್ತದೆ. ಅಗಲ ಪಾತ್ರೆಗೆ ಹುಯ್ದು ಬೇಗ ಆರಿಸಿ ಫ್ರಿಜ್‌ಗಿಡು. ತಣ್ಣಗಾದ ಮೇಲೆ ತೆಗೆದರೆ ಅಲುಗಾಡುವ ಹಾಗೆ ಗಟ್ಟಿಯಾಗಿರುತ್ತದೆ. ಕೆಟ್ಟಿದೆ ಅಂತ ಸಿಂಕ್‌ಗೆ ಸುರಿದುಬಿಟ್ಟೀಯ. ಅದು ಚರ್ಮ, ಕೀಲಿನಿಂದ ಬಿಟ್ಟ ಅಂಟು. ಅದು ಇದ್ದರೇ ಗ್ರೇವಿ ನಾಲಿಗೆ ಮೇಲೆ ನಿಲ್ಲುವುದು. ಡಬ್ಬಿಯ ಸ್ಟಾಕ್‌ನಲ್ಲಿ ಇದು ಸಿಗಲ್ಲ. ಮೇಲೆ ಹಳದಿಯಾಗಿ ಕಟ್ಟಿದ ಕೊಬ್ಬನ್ನೂ ಎತ್ತಿಟ್ಟುಕೋ, ಬೆಣ್ಣೆಯ ಬದಲು ಹಾಕಬಹುದು.

ಇನ್ನು ಹಿಟ್ಟು. ಲೆಕ್ಕ ಸುಲಭ. ಒಂದು ಕಪ್ ಸ್ಟಾಕ್‌ಗೆ ಒಂದೂವರೆ ಟೇಬಲ್‌ಸ್ಪೂನ್ ಕೊಬ್ಬು, ಒಂದೂವರೆ ಟೇಬಲ್‌ಸ್ಪೂನ್ ಮೈದಾ. ಒಬ್ಬರಿಗೆ ಅರ್ಧ ಕಪ್ ಗ್ರೇವಿ ಅಂತ ಹಿಡಿ. ಹನ್ನೆರಡು ಜನಕ್ಕೆ 6 ಕಪ್. ಅಂದರೆ 9 ಟೇಬಲ್‌ಸ್ಪೂನ್ ಬೆಣ್ಣೆ, 9 ಟೇಬಲ್‌ಸ್ಪೂನ್ ಮೈದಾ. ಇಲ್ಲಿ ಬೆಣ್ಣೆ ಒಂದು ಸ್ಟಿಕ್ ಅಂದರೆ 8 ಟೇಬಲ್‌ಸ್ಪೂನ್, ಅದರ ಮೇಲೊಂದು ಚಮಚ ಅಷ್ಟೇ. ಉಳಿದ ಒಂದು ಕಪ್ ಸ್ಟಾಕ್ ಗುರುವಾರಕ್ಕೆ ಎತ್ತಿಡು.

ದಪ್ಪ ತಳದ ಪಾತ್ರೆಯಲ್ಲಿ ಬೆಣ್ಣೆ ಕರಗಿಸಿ ಮೈದಾ ಹಾಕಿ ಸಣ್ಣ ಉರಿಯಲ್ಲಿ ತಿರುವುತ್ತಾ ಇರು. ಮೊದಲು ಹಸಿ ವಾಸನೆ ಬರುತ್ತದೆ. ಆಮೇಲೆ ಬಿಸ್ಕತ್ತಿನ ಘಮ. ತಿಳಿಕಂದು ಬಣ್ಣಕ್ಕೆ ಬಂದರೆ ನಿಲ್ಲಿಸು. ಇನ್ನೂ ಕಪ್ಪಗೆ ಹುರಿದರೆ ಬಣ್ಣ ಚೆನ್ನಾಗಿರುತ್ತದೆ ನಿಜ, ಆದರೆ ಹಿಟ್ಟಿಗೆ ಗಟ್ಟಿ ಮಾಡುವ ಶಕ್ತಿ ಇಳಿದುಹೋಗುತ್ತದೆ. ಈಗ ಸ್ಟಾಕ್ ಒಂದೊಂದೇ ಸೌಟು. ಮೊದಲ ಸೌಟು ಬಿದ್ದ ತಕ್ಷಣ ಮುದ್ದೆ ಕಟ್ಟಿದ ಹಾಗೆ ಗಟ್ಟಿಯಾಗುತ್ತದೆ, ಹೆದರಬೇಡ. ವಿಸ್ಕ್, ಅಂದರೆ ತಂತಿ ಕಡಗೋಲಿನಿಂದ ಬಡಿಯುತ್ತಾ ಇನ್ನೊಂದು ಸೌಟು, ಮತ್ತೊಂದು. ಮೂರು ನಾಲ್ಕು ಸೌಟು ಆದ ಮೇಲೆ ಉಳಿದದ್ದನ್ನು ಒಟ್ಟಿಗೇ ಹುಯ್ಯಬಹುದು.

ಗಂಟು ಯಾಕೆ ಆಗುತ್ತೆ ಗೊತ್ತಾ? ಒಣ ಹಿಟ್ಟು ಬಿಸಿನೀರಿಗೆ ಬಿದ್ದರೆ ಹೊರಗಿನ ಪದರ ಕ್ಷಣದಲ್ಲಿ ಬೆಂದು ಅಂಟಾಗಿ, ಒಳಗಿನ ಹಿಟ್ಟಿಗೆ ನೀರೇ ತಾಗಲ್ಲ. ಬೆಣ್ಣೆಯಲ್ಲಿ ಹುರಿದಾಗ ಒಂದೊಂದು ಕಣಕ್ಕೂ ಜಿಡ್ಡು ಹತ್ತಿ ಬಿಡಿಬಿಡಿ ಇರುತ್ತವೆ. ಅಜ್ಜಿ ರಾಗಿ ಅಂಬಲಿಗೆ ಹಿಟ್ಟನ್ನು ಮೊದಲು ತಣ್ಣೀರಲ್ಲಿ ಕದಡಿಕೊಂಡು ಆಮೇಲೆ ಕುದಿಯುವ ನೀರಿಗೆ ಬಿಡುತ್ತಾಳಲ್ಲ, ಅದೂ ಇದಕ್ಕೇ. ಆ ದಾರಿಯೂ ನಿನಗೆ ಇದೆ. ಬರುವವರಲ್ಲಿ ಯಾರಾದರೂ ಗೋಧಿ ತಿನ್ನದವರಿದ್ದರೆ ಕಾರ್ನ್‌ಸ್ಟಾರ್ಚ್, ಅಂದರೆ ನಮ್ಮ ಕಾರ್ನ್‌ಫ್ಲೋರ್ ಅನ್ನು ತಣ್ಣೀರಲ್ಲಿ ಕದಡಿ ಕುದಿಯುವ ಸ್ಟಾಕ್‌ಗೆ ಬಿಡು, ಕಪ್ಪಿಗೆ ಒಂದು ಟೇಬಲ್‌ಸ್ಪೂನ್ ಹತ್ತಿರ. ಹೊಳಪು ಬರುತ್ತದೆ. ಆದರೆ ಜಾಸ್ತಿ ಹೊತ್ತು ಕುದಿಸಿದರೆ ಮತ್ತೆ ನೀರಾಗುತ್ತದೆ, ಅದಕ್ಕೆ ಕೊನೆಯಲ್ಲಿ ಮಾಡು.

ಮೈದಾದ್ದು ಹಾಗಲ್ಲ. ಕುದಿ ಬಂದ ಮೇಲೆ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಬೇಯಲಿ. ಸೌಟಿನ ಬೆನ್ನಿಗೆ ಮೆತ್ತಿಕೊಂಡು, ಬೆರಳಲ್ಲಿ ಗೆರೆ ಎಳೆದರೆ ಗೆರೆ ಉಳಿಯಬೇಕು. ಅದಕ್ಕಿಂತ ಒಂಚೂರು ತೆಳ್ಳಗಿದ್ದರೂ ಒಳ್ಳೆಯದೇ, ಆರುತ್ತಾ ಗಟ್ಟಿಯಾಗುತ್ತದೆ. ಅಷ್ಟಾಗಿಯೂ ಗಂಟಿದ್ದರೆ ಜರಡಿಯಲ್ಲಿ ಸೋಸು, ಯಾರು ಕೇಳುತ್ತಾರೆ? ಡಬ್ಬಿಗೆ ಹಾಕಿ ಫ್ರಿಜ್‌ಗಿಡು. ಉಪ್ಪನ್ನು ಈಗಲೂ ಮುಟ್ಟಬೇಡ.

ಉಪ್ಪಿನ ವಿಷಯ ಒತ್ತಿ ಹೇಳುತ್ತೇನೆ. ಇಲ್ಲಿ ಸಿಗುವ ಫ್ರೋಜನ್ ಹಕ್ಕಿಗಳಲ್ಲಿ ಎಷ್ಟೋ ಹಕ್ಕಿಗೆ ಮೊದಲೇ ಉಪ್ಪುನೀರು ಚುಚ್ಚಿರುತ್ತಾರೆ. ಕವರ್ ಮೇಲೆ ಸಣ್ಣ ಅಕ್ಷರದಲ್ಲಿ ಇಷ್ಟು ಪರ್ಸೆಂಟ್ ಸಲ್ಯೂಷನ್ ಅಂತ ಬರೆದಿರುತ್ತದೆ. ಅಂಥ ಹಕ್ಕಿಯ ರಸವೇ ಉಪ್ಪು. ನೀನೂ ಹಾಕಿ ಅದೂ ಸೇರಿದರೆ ಉಪ್ಪು ಮುಂದಾಗಿ, ಆರು ಕಪ್ಪೂ ಸಿಂಕ್‌ಗೇ.

ಗುರುವಾರ ಟರ್ಕಿ ಇಡುವಾಗ ಟ್ರೇ ತಳಕ್ಕೆ ಒಂದು ಈರುಳ್ಳಿ, ಒಂದು ಲೋಟ ನೀರು ಹಾಕು. ನೀರು ಇಂಗಿದರೆ ಮತ್ತೆ ಹಾಕು. ಇಲ್ಲದಿದ್ದರೆ ಬಿದ್ದ ರಸ ಸುಟ್ಟು ಕರಕಲಾಗುತ್ತದೆ. ತೊಡೆಯ ದಪ್ಪ ಭಾಗದಲ್ಲಿ, ಮೂಳೆಗೆ ತಾಗದ ಹಾಗೆ ಥರ್ಮಾಮೀಟರ್ ಚುಚ್ಚಿ 165 ಡಿಗ್ರಿ ಫ್ಯಾರನ್‌ಹೀಟ್ ಬಂದರೆ ಬೆಂದಿದೆ. ಹೊರಗೆ ತೆಗೆದು ಫಾಯಿಲ್ ಮುಚ್ಚಿ ಅರ್ಧ ಗಂಟೆ ಬಿಡು. ನಿನ್ನ ಗ್ರೇವಿ ಕೆಲಸ ಆ ಅರ್ಧ ಗಂಟೆಯಲ್ಲಿ ಹತ್ತು ನಿಮಿಷದ್ದು. ಟ್ರೇಯ ರಸವನ್ನು ಎತ್ತರದ ಗಾಜಿನ ಲೋಟಕ್ಕೆ ಬಗ್ಗಿಸು, ಜಿಡ್ಡು ಮೇಲೆ ಬರುತ್ತದೆ, ಅದನ್ನು ಚಮಚದಲ್ಲಿ ತೆಗೆ. ಎತ್ತಿಟ್ಟ ಒಂದು ಕಪ್ ಸ್ಟಾಕ್ ಟ್ರೇಗೆ ಹಾಕಿ ಬಿಸಿ ಮಾಡಿ ತಳ ಕೆರೆ. ಎರಡನ್ನೂ ಒಂದು ಹನಿ ನಾಲಿಗೆಗೆ ಇಟ್ಟು ನೋಡು. ಕಹಿ ಇದ್ದರೆ ಬೇಡ, ಮಂಗಳವಾರದ ಗ್ರೇವಿ ಒಂದೇ ಸಾಕಾಗುತ್ತದೆ. ಚೆನ್ನಾಗಿದ್ದರೆ ಬಿಸಿ ಗ್ರೇವಿಗೆ ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಉಪ್ಪು ನೋಡಿಕೋ. ಕೊನೆಗೆ ಹೊಸದಾಗಿ ಪುಡಿ ಮಾಡಿದ ಕರಿಮೆಣಸು, ನಾಲ್ಕು ಹನಿ ನಿಂಬೆರಸ. ನಿಂಬೆ ಇಲ್ಲಿಯವರ ಪುಸ್ತಕದಲ್ಲಿ ಇರಲ್ಲ, ನನ್ನದು. ಜಿಡ್ಡಿನ ಭಾರ ಇಳಿಯುತ್ತದೆ.

ಗ್ರೇವಿಯನ್ನು ಫ್ಲಾಸ್ಕ್‌ಗೆ ಹುಯ್ದು ಇಡು, ಕೆನೆ ಕಟ್ಟಲ್ಲ, ಎರಡನೇ ಸುತ್ತಿಗೂ ಬಿಸಿ ಇರುತ್ತದೆ. ಕಾಫಿ ವಾಸನೆ ಉಳಿದಿರುವ ಫ್ಲಾಸ್ಕ್ ಬೇಡ, ಅಷ್ಟೇ.

ಬರುವವರಲ್ಲಿ ಸಸ್ಯಾಹಾರಿಗಳು ಇದ್ದಾರೆ ಅಂದೆಯಲ್ಲ. ಅವರಿಗೆ ಬೇರೆ ಪಾತ್ರೆ, ಬೇರೆ ಸೌಟು. ಒಣ ಅಣಬೆ ಬಿಸಿನೀರಲ್ಲಿ ನೆನೆಸಿ ಆ ನೀರನ್ನೇ ಸ್ಟಾಕ್ ಮಾಡಿಕೋ, ಈರುಳ್ಳಿ ಚೆನ್ನಾಗಿ ಕೆಂಪಗೆ ಹುರಿದು ಸೇರಿಸು, ಒಂದು ಚಮಚ ಸೋಯಾ ಸಾಸ್. ಬೆಣ್ಣೆ, ಮೈದಾ ಲೆಕ್ಕ ಅದೇ. ಮಾಂಸ ತಿನ್ನುವವರೂ ಅದಕ್ಕೇ ಕೈ ಹಾಕುತ್ತಾರೆ, ಜಾಸ್ತಿ ಮಾಡು.

ಅವತ್ತು ಗಾಬರಿ ಆದರೆ ನನಗೆ ಫೋನ್ ಮಾಡು. ನಾನು ಎತ್ತದಿದ್ದರೆ ಟರ್ಕಿ ಮಾರುವ ಬಟರ್‌ಬಾಲ್ ಕಂಪನಿಯವರು ಟರ್ಕಿ ಪ್ರಶ್ನೆಗಳಿಗೆ ಅಂತಲೇ 1981ರಿಂದ ಫೋನ್ ಲೈನ್ ಇಟ್ಟಿದ್ದಾರೆ. ಅಮ್ಮ, ನಗಬೇಡ, ನಿಜ. ನಮ್ಮಲ್ಲಿ ಒಬ್ಬಟ್ಟು ಹರಿದರೆ ಯಾರಿಗೆ ಫೋನ್ ಮಾಡೋದು, ನೀನೇ ಹೇಳು.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸು. ಮೂರು ನಾಲ್ಕು ದಿನ ಇರುತ್ತದೆ, ತಿನ್ನುವಾಗ ಚೆನ್ನಾಗಿ ಕುದಿಸು. ಭಾವ, ಇಲ್ಲಿ ನಿಮ್ಮ ಮಸಾಲೆ ಬರುತ್ತದೆ. ಶುಕ್ರವಾರ ಉಳಿದ ಮಾಂಸ ಬಿಡಿಸಿ, ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಕಾಯಿ ರುಬ್ಬಿ, ಖಾರದಪುಡಿ, ಧನಿಯಾಪುಡಿ ಹಾಕಿ ಹುರಿದು, ಉಳಿದ ಗ್ರೇವಿಯನ್ನೂ ಅದಕ್ಕೇ ಸುರಿದು ಕುದಿಸಿದರೆ, ಮುದ್ದೆಗೆ ಹೇಳಿ ಮಾಡಿಸಿದ ಹಾಗಿರುತ್ತದೆ.

ಪುಟ್ಟಿ, ನಿನ್ನ ಹಕ್ಕಿ ಎಷ್ಟು ಪೌಂಡಿನದು? ಕವರ್‌ನ ಫೋಟೋ ತೆಗೆದು ಇಲ್ಲೇ ಹಾಕು, ಸಲ್ಯೂಷನ್ ಅಂತ ಇದೆಯಾ ನೋಡಿ ಹೇಳುತ್ತೇನೆ. ರೆಕ್ಕೆ ಈ ವಾರವೇ ತಂದು ಫ್ರೀಜರ್‌ನಲ್ಲಿ ಇಟ್ಟುಕೋ, ಆಮೇಲೆ ಖಾಲಿಯಾಗುತ್ತದೆ. ರೆಕ್ಕೆ ಸಿಗದಿದ್ದರೆ ಟರ್ಕಿ ಕಾಲೇ ತಾ.